ಮಾನಸಿಕ ಕಾಯಿಲೆ, ಕುಡಿತ ಎರಡೂ ಇರುವವರ ಆರೈಕೆ: ಸಿಬ್ಬಂದಿ ತರಬೇತಿ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ತಾಲ್ಲೂಕು ಆಸ್ಪತ್ರೆಯ ನರ್ಸ್‌ಗಳು, ವ್ಯಸನಮುಕ್ತಿ ಕೇಂದ್ರ ನಡೆಸುವವರು, ಆಪ್ತಸಮಾಲೋಚಕರು ತರಬೇತಿಗೆ ಬಂದಾಗ ಊಟದ ಬಿಡುವಿನಲ್ಲಿ ಹಿಡಿದು ನಿಲ್ಲಿಸಿ ಕೇಳುವ ಪ್ರಶ್ನೆಗಳು ಇವು. ಕರ್ನಾಟಕದಲ್ಲಿ ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ. ಔಷಧದ ಡೋಸ್ ಇಲ್ಲಿ ಸಿಗುವುದಿಲ್ಲ, ಅದು ವೈದ್ಯರ ಕೆಲಸ.

ಪ್ರ: "ಎರಡೂ ತೊಂದರೆ" ಅಂದರೆ ಯಾರು?

ಸ್ಕಿಜೋಫ್ರೇನಿಯಾ (ಇಲ್ಲದ ಧ್ವನಿ ಕೇಳಿಸುವ, ಇಲ್ಲದ ಅನುಮಾನ ಹುಟ್ಟುವ ಕಾಯಿಲೆ) ಇದೆ, ಜೊತೆಗೆ ಗಾಂಜಾ ಸೇದುತ್ತಾರೆ. ಖಿನ್ನತೆ ಇದೆ, ರಾತ್ರಿ ಕ್ವಾರ್ಟರ್ ಇಲ್ಲದೆ ನಿದ್ದೆ ಬರಲ್ಲ. ಮೂಡ್ ವಿಪರೀತ ಏರಿಳಿಯುವ ಬೈಪೋಲಾರ್ ಕಾಯಿಲೆ ಇರುವ ಹುಡುಗ ಮೂಡ್ ಏರಿದಾಗ ಸಿಕ್ಕಾಪಟ್ಟೆ ಕುಡಿಯುತ್ತಾನೆ. ಆತಂಕದ ಕಾಯಿಲೆಗೆ ಯಾವಾಗಲೋ ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ಬಿಡಲಾಗದ ಗೃಹಿಣಿ. ಇವರೆಲ್ಲರೂ ಇದರೊಳಗೆ ಬರುತ್ತಾರೆ. ಡಾಕ್ಟರ್‌ಗಳು ಡ್ಯುಯಲ್ ಡಯಾಗ್ನೋಸಿಸ್ ಅಂತಾರೆ. ಬೀಡಿ, ಗುಟ್ಕಾ, ಕಡ್ಡಿಪುಡಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಮನೋರೋಗ ವಿಭಾಗದಲ್ಲಿ ಇಂಥವರು ಬಹಳ ಜನ.

ಪ್ರ: ನಮ್ಮವರಿಗೆ ಮಾನಸಿಕ ಆರೋಗ್ಯದ ತರಬೇತಿ ಆಗಿದೆ, ವ್ಯಸನದ್ದೂ ಬೇರೆ ಆಗಿದೆ. ಮತ್ತೆ ಇದೊಂದು ಯಾಕೆ?

ಬೇರೆ ಬೇರೆ ಆಗಿರುವುದೇ ತೊಂದರೆ. ರೋಗಿ ಮನೋವೈದ್ಯರ ಹತ್ತಿರ ಹೋದರೆ "ಮೊದಲು ಕುಡಿತ ಬಿಟ್ಟು ಬನ್ನಿ, ಆಮೇಲೆ ನೋಡೋಣ" ಅಂತಾರೆ. ವ್ಯಸನಮುಕ್ತಿ ಕೇಂದ್ರಕ್ಕೆ ಹೋದರೆ "ಇವರಿಗೆ ತಲೆ ಸರಿಯಿಲ್ಲ, ನಮ್ಮಲ್ಲಿ ಇಟ್ಟುಕೊಳ್ಳಲ್ಲ" ಅಂತಾರೆ. ಆ ಮನುಷ್ಯ ಎರಡು ಬಾಗಿಲ ನಡುವೆ ಓಡಾಡಿ ಸುಸ್ತಾಗಿ ಮನೆಗೆ ಹೋಗುತ್ತಾರೆ. ಮುಂದಿನ ಸಲ ಬರುವಷ್ಟರಲ್ಲಿ ಪರಿಸ್ಥಿತಿ ಕೈ ಮೀರಿರುತ್ತದೆ.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ ಪ್ರಕಾರ, ಕುಡಿತದ ಕಾಯಿಲೆ ಇರುವ 10 ಜನರಲ್ಲಿ 8ಕ್ಕೂ ಹೆಚ್ಚು ಜನಕ್ಕೆ ಚಿಕಿತ್ಸೆಯೇ ಸಿಗುತ್ತಿಲ್ಲ. ಹೇಗೋ ಧೈರ್ಯ ಮಾಡಿ ಬಂದವರನ್ನೂ ನಾವೇ ವಾಪಸ್ ಕಳಿಸಿದರೆ ಹೇಗೆ? ಹಾಗಾಗಿ ಈ ತರಬೇತಿಯ ಗುರಿ ಒಂದೇ. ರೋಗಿ ಯಾವ ಬಾಗಿಲಿಗೆ ಬಂದರೂ ಎರಡು ತೊಂದರೆಯನ್ನೂ ಅಲ್ಲೇ, ಒಟ್ಟಿಗೇ ನೋಡಬೇಕು. ಬೇರೆ ಕಡೆ ಕಳಿಸಲೇಬೇಕಾದರೆ ಚೀಟಿ ಬರೆದು ಕೈತೊಳೆದುಕೊಳ್ಳುವಂತಿಲ್ಲ. ಆ ಕಡೆಯವರಿಗೆ ಫೋನ್ ಮಾಡಿ, ಇವರು ತಲುಪಿದರಾ ಅಂತ ವಿಚಾರಿಸಬೇಕು.

ಪ್ರ: ಯಾರ್ಯಾರಿಗೆ ತರಬೇತಿ ಕೊಡಬೇಕು? ಆಪ್ತಸಮಾಲೋಚಕರಿಗೆ ಮಾತ್ರ ಸಾಕಲ್ವಾ?

ಸಾಲದು. ರಾತ್ರಿ 2 ಗಂಟೆಗೆ ವಾರ್ಡ್‌ನಲ್ಲಿ ಆಪ್ತಸಮಾಲೋಚಕರು ಇರಲ್ಲ. ಇರುವವರು ಒಬ್ಬ ನರ್ಸ್, ಒಬ್ಬ ಆಯಾ, ಬಾಗಿಲಲ್ಲಿ ವಾಚ್‌ಮನ್. ರೋಗಿ ಕೈ ನಡುಗಿಸುತ್ತಾ "ಗೋಡೆ ಮೇಲೆ ಇರುವೆ ಹತ್ತುತ್ತಿವೆ" ಅಂದಾಗ ಅದನ್ನು ಮೊದಲು ನೋಡುವವರು ಇವರೇ. ಹೆಸರು ಬರೆದುಕೊಳ್ಳುವ ಕೌಂಟರ್‌ನವರಿಗೂ ಅರ್ಧ ದಿನ ಕೊಡಿ. "ಕುಡುಕರ ವಾರ್ಡ್ ಆ ಕಡೆ" ಅಂತ ನಾಲ್ಕು ಜನರೆದುರು ಕೂಗಿ ಹೇಳಿದರೆ ಬಂದವರು ಗೇಟಿನಿಂದಲೇ ತಿರುಗಿ ಹೋಗುತ್ತಾರೆ. ಆಶಾ ಕಾರ್ಯಕರ್ತೆಯರಿಗೆ ಯಾರ ಮನೆಯಲ್ಲಿ ಏನಿದೆ ಅಂತ ಆಗಲೇ ಗೊತ್ತಿರುತ್ತದೆ. ಅವರಿಗೆ ಬೇಕಾಗಿರುವುದು ಗೊತ್ತಿದ್ದನ್ನು ಯಾರಿಗೆ, ಹೇಗೆ ತಿಳಿಸಬೇಕು ಅನ್ನುವುದು.

ಪ್ರ: ಎಷ್ಟು ದಿನದ ತರಬೇತಿ?

ಮೂರು ದಿನ ಒಟ್ಟಿಗೆ ಕೂರಿಸಿ. ಆಮೇಲೆ ತಿಂಗಳಿಗೊಮ್ಮೆ ಕೇಸ್ ಚರ್ಚೆ, ಕನಿಷ್ಠ ಒಂದು ವರ್ಷ. ಯಾವುದಾದರೂ ಒಂದೇ ಮಾಡಲು ಸಾಧ್ಯ ಅಂದರೆ ನಾನು ಕೇಸ್ ಚರ್ಚೆಯನ್ನೇ ಆರಿಸಿಕೊಳ್ಳುತ್ತೇನೆ. ಒಂದು ದಿನದ ಕಾರ್ಯಾಗಾರ, ದೀಪ ಬೆಳಗಿಸಿ, ಬ್ಯಾಗು-ಪೆನ್ನು ಹಂಚಿ, ಗ್ರೂಪ್ ಫೋಟೊ ತೆಗೆದರೆ ವರದಿಗೆ ಚೆನ್ನಾಗಿರುತ್ತದೆ ಅಷ್ಟೇ.

ಪ್ರ: ಮೊದಲ ದಿನ ಏನು ಕಲಿಸಬೇಕು?

ಕೇಳುವುದನ್ನು. ಪ್ರಶ್ನೆಪಟ್ಟಿಗಳು ಇವೆ. ಕುಡಿತಕ್ಕೆ ವಿಶ್ವ ಆರೋಗ್ಯ ಸಂಸ್ಥೆಯ ಆಡಿಟ್, 10 ಪ್ರಶ್ನೆ. ಎಲ್ಲ ಮಾದಕ ವಸ್ತುಗಳಿಗೂ ಸೇರಿ ಅಸಿಸ್ಟ್, 8 ಪ್ರಶ್ನೆ. ಖಿನ್ನತೆಗೆ ಪಿಎಚ್‌ಕ್ಯೂ-9. ಮೂರನ್ನೂ ಕಲಿಸಿ. ಆದರೆ ಫಾರಂ ತುಂಬುವುದೇ ಬೇರೆ, ಕೇಳುವುದೇ ಬೇರೆ. ತಲೆ ಬಗ್ಗಿಸಿಕೊಂಡು "ಕುಡಿತೀರಾ? ಎಷ್ಟು?" ಅಂದರೆ "ಸ್ವಲ್ಪ ಸಾರ್, ಯಾವಾಗಾದ್ರೂ" ಅನ್ನುವ ಉತ್ತರವೇ ಬರುವುದು.

ಸಿಬ್ಬಂದಿಗೆ ವೈನ್ ಶಾಪ್‌ನ ಲೆಕ್ಕ ಗೊತ್ತಿರಬೇಕು. ಒಂದು ಕ್ವಾರ್ಟರ್ ಅಂದರೆ 180 ಮಿಲಿ. ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿಯಲ್ಲಿ ಸಾಮಾನ್ಯವಾಗಿ ಶೇ 42.8 ಆಲ್ಕೋಹಾಲ್ ಇರುತ್ತದೆ. ಅಂದರೆ ಒಂದು ಕ್ವಾರ್ಟರ್‌ನಲ್ಲಿ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. 10 ಗ್ರಾಂಗೆ ಒಂದು ಡ್ರಿಂಕ್ ಅಂತ ಹಿಡಿದರೆ ಆರು ಡ್ರಿಂಕ್ ಆಯಿತು. 90 ಮಿಲಿಯ ಟೆಟ್ರಾ ಪ್ಯಾಕ್ ಮೂರು ಡ್ರಿಂಕ್. ಶೇ 8ರ ಸ್ಟ್ರಾಂಗ್ ಬಿಯರ್‌ನ 650 ಮಿಲಿ ಬಾಟಲಿ ನಾಲ್ಕು. "ದಿನಾ ಎರಡು ಪ್ಯಾಕೆಟ್ ಅಷ್ಟೇ" ಅಂದಾಗ "90ದಾ, 180ದಾ?" ಅಂತ ಮರುಪ್ರಶ್ನೆ ಕೇಳುವ ನರ್ಸ್ ಎದುರು ರೋಗಿ ನಿಜ ಹೇಳುತ್ತಾರೆ. ಇವರಿಗೆ ಗೊತ್ತಿದೆ, ಸುಳ್ಳು ಹೇಳಿ ಪ್ರಯೋಜನ ಇಲ್ಲ, ನಿಜ ಹೇಳಿದರೆ ಬೈಯುವುದೂ ಇಲ್ಲ ಅಂತ ಅನಿಸಬೇಕು.

ಹಾಗೇ, ಕುಡಿತಕ್ಕೆ ಬಂದವರನ್ನು ಧ್ವನಿ ಕೇಳಿಸುತ್ತಾ, ಯಾರೋ ಹಿಂಬಾಲಿಸುತ್ತಿದ್ದಾರೆ ಅನಿಸುತ್ತಾ, ಸಾಯಬೇಕು ಅನಿಸುತ್ತಾ ಅಂತ ಕೇಳಲೇಬೇಕು. ಮನೋರೋಗಕ್ಕೆ ಬಂದವರನ್ನು ಕುಡಿತ, ಗಾಂಜಾ, ತಂಬಾಕು, ಮಾತ್ರೆ ನಾಲ್ಕನ್ನೂ ಕೇಳಬೇಕು. ನೋಡಿದರೆ ಮರ್ಯಾದಸ್ಥರ ಥರ ಇದ್ದಾರೆ ಅಂತ ಬಿಡಬೇಡಿ.

ಪ್ರ: ಕುಡಿತದಿಂದ ಖಿನ್ನತೆ ಬಂತಾ, ಖಿನ್ನತೆಯಿಂದ ಕುಡಿತ ಬಂತಾ? ಹೇಗೆ ಕಂಡುಹಿಡಿಯುವುದು?

ಅಮಲಿನಲ್ಲಿ ಇರುವಾಗ, ಅಥವಾ ಬಿಟ್ಟ ಮೊದಲ ವಾರದಲ್ಲಿ, ತೀರ್ಮಾನ ಮಾಡಲು ಆಗುವುದಿಲ್ಲ. ವಿಪರೀತ ಕುಡಿತವೇ ಬೇಸರ, ನಿದ್ದೆಗೆಡುವುದು, ಆತಂಕ, ಕೆಲವರಲ್ಲಿ ಅನುಮಾನ ಎಲ್ಲವನ್ನೂ ತರುತ್ತದೆ. ಬಿಟ್ಟು ಸುಮಾರು ನಾಲ್ಕು ವಾರ ಆದ ಮೇಲೂ ಉಳಿದರೆ ಅದು ಪ್ರತ್ಯೇಕ ಕಾಯಿಲೆ ಇರುವ ಸಾಧ್ಯತೆ ಜಾಸ್ತಿ. ಹಾಗಂತ ನಾಲ್ಕು ವಾರ ಸುಮ್ನೆ ಕೂರುವುದು ಅಂತಲ್ಲ. ತೀವ್ರ ಖಿನ್ನತೆ ಇದ್ದರೆ, ಸಾಯುವ ಮಾತಾಡುತ್ತಿದ್ದರೆ, ಹಿಂದೆ ಮಾನಸಿಕ ಕಾಯಿಲೆ ಆಗಿದ್ದರೆ ವೈದ್ಯರು ಅಲ್ಲಿಂದಲೇ ಚಿಕಿತ್ಸೆ ಶುರು ಮಾಡುತ್ತಾರೆ.

ಹಳೆಯ ಚರಿತ್ರೆ ತೆಗೆಯಲು ನಮ್ಮ ಕಡೆ ಒಂದು ಒಳ್ಳೇ ದಾರಿ ಇದೆ. "ಮಾಲೆ ಹಾಕಿದ್ರಾ ಯಾವಾಗಾದ್ರೂ?" ಅಂತ ಕೇಳಿ. ಅಯ್ಯಪ್ಪ ಮಾಲೆ ಹಾಕಿದವರು ವ್ರತ ಮುಗಿಯುವವರೆಗೆ ಒಂದು ತೊಟ್ಟೂ ಮುಟ್ಟಲ್ಲ. ಆಗ ನಿದ್ದೆ ಹೇಗಿತ್ತು? ಮನಸ್ಸು ಹೇಗಿತ್ತು? ಆ ಧ್ವನಿ ಆಗಲೂ ಕೇಳಿಸುತ್ತಿತ್ತಾ? ಕೆಲವರು ಶ್ರಾವಣದಲ್ಲಿ ಬಿಡುತ್ತಾರೆ. ಇಸವಿ ನೆನಪಿರಲ್ಲ, ಯಾವ ವರ್ಷ ಮಾಲೆ ಹಾಕಿದ್ದು ಅಂತ ಮನೆಯವರಿಗೆ ಗ್ಯಾರಂಟಿ ನೆನಪಿರುತ್ತದೆ. ಜೊತೆಗೆ ಇನ್ನೊಂದನ್ನೂ ಕೇಳಿ: ಮಾಲೆ ಹಾಕಿದ ಮೊದಲ ಎರಡು ಮೂರು ದಿನ ಕೈ ನಡುಕ, ಫಿಟ್ಸ್ ಬಂದಿತ್ತಾ? ಬಂದಿದ್ದರೆ ಈ ಸಲ ಬಿಡಿಸುವಾಗ ವೈದ್ಯರ ಕಣ್ಣಳತೆಯಲ್ಲೇ ಬಿಡಿಸಬೇಕು.

ಪ್ರ: ಕುಡಿತ ಬಿಡಿಸುವಾಗ ಜೀವಕ್ಕೆ ಅಪಾಯ ಅಂತಾರಲ್ಲ, ಸಿಬ್ಬಂದಿಗೆ ಏನು ಗೊತ್ತಿರಬೇಕು?

ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ. ದಿನಾ ಜಾಸ್ತಿ ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ಕೆಲವು ಗಂಟೆಗಳಲ್ಲೇ ಕೈ ನಡುಕ, ಬೆವರು, ವಾಕರಿಕೆ ಶುರುವಾಗುತ್ತದೆ. ಮೊದಲ ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೇ ದಿನದಿಂದ ನಾಲ್ಕನೇ ದಿನದ ನಡುವೆ ಡೆಲಿರಿಯಂ, ಅಂದರೆ ಎಲ್ಲಿದ್ದೇನೆ ಅಂತಲೂ ತಿಳಿಯದಷ್ಟು ಗೊಂದಲ, ಬರಬಹುದು. ಚಿಕಿತ್ಸೆ ಕೊಡದಿದ್ದರೆ ಇದು ಪ್ರಾಣ ತೆಗೆಯಬಹುದು.

ಮಾನಸಿಕ ಕಾಯಿಲೆಯೂ ಇರುವ ಜಾಗದಲ್ಲಿ ಇದನ್ನು ಗುರುತಿಸುವುದು ಕಷ್ಟ. ಸ್ಕಿಜೋಫ್ರೇನಿಯಾ ಇರುವವರಿಗೆ ಧ್ವನಿ ಕೇಳಿಸಿದರೂ ಸಾಮಾನ್ಯವಾಗಿ ತಾನು ಎಲ್ಲಿದ್ದೇನೆ, ಇವತ್ತು ಯಾವ ವಾರ ಅಂತ ಗೊತ್ತಿರುತ್ತದೆ. ಡೆಲಿರಿಯಂ ಆದವರಿಗೆ ಅದು ಗೊತ್ತಿರಲ್ಲ. ಆಸ್ಪತ್ರೆಯ ಮಂಚದ ಮೇಲೆ ಕೂತು ಕಂಡಕ್ಟರ್‌ಗೆ ಚಿಲ್ಲರೆ ಕೇಳುತ್ತಾರೆ. ಬೆಡ್‌ಶೀಟ್‌ನಿಂದ ಏನನ್ನೋ ಹೆಕ್ಕುತ್ತಿರುತ್ತಾರೆ. ಖಾಲಿ ಬೆರಳಲ್ಲಿ ಬೀಡಿ ಕಟ್ಟುತ್ತಾರೆ. ಹಗಲು ಸ್ವಲ್ಪ ಸರಿ, ರಾತ್ರಿ ಪೂರ್ತಿ ಗೊಂದಲ. ಮೈ ಬಿಸಿ, ನಾಡಿ ಜೋರು. ಇದನ್ನು ನೋಡಿ "ಹುಚ್ಚು ಕೆದರಿದೆ" ಅಂತ ಕಟ್ಟಿಹಾಕುವುದು, "ಗಾಳಿ ಸೋಕಿದೆ" ಅಂತ ಮನೆಯವರು ಕರೆದುಕೊಂಡು ಹೋಗುವುದು ಎರಡೂ ನಡೆಯುತ್ತವೆ. ಇದು ತುರ್ತು ಚಿಕಿತ್ಸೆಯ ಕೇಸ್. ತಕ್ಷಣ ವೈದ್ಯರನ್ನು ಕರೆಯಬೇಕು. ಕೇಂದ್ರದಲ್ಲಿ ವೈದ್ಯರು ಇಲ್ಲದಿದ್ದರೆ 108.

ಇನ್ನೊಂದು, ನಮ್ಮ ಜನಕ್ಕೆ ಗ್ಲೂಕೋಸ್ ಬಾಟಲಿ ಮೇಲೆ ಬಹಳ ನಂಬಿಕೆ. ಸುಸ್ತಾಗಿದ್ದಾರೆ, ಒಂದು ಡ್ರಿಪ್ ಹಾಕಿ ಅಂತ ಒತ್ತಾಯ ಮಾಡುತ್ತಾರೆ. ವರ್ಷಗಟ್ಟಲೆ ಕುಡಿದು ಸರಿಯಾಗಿ ಊಟ ಮಾಡದವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ಬತ್ತಿಹೋಗಿರುತ್ತದೆ. ಅವರಿಗೆ ಥಯಾಮಿನ್ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟು ಬೀಳಬಹುದು. ನಡಿಗೆ ತೂರಾಡುವುದು, ಕಣ್ಣು ಸರಿಯಾಗಿ ತಿರುಗದಿರುವುದು, ಗೊಂದಲ ಇದರ ಲಕ್ಷಣ. ಅಮಲಿನ ಹಾಗೇ ಕಾಣುತ್ತದೆ, ಆದ್ದರಿಂದಲೇ ತಪ್ಪಿಹೋಗುತ್ತದೆ. ಆಮೇಲೆ ನೆನಪಿನ ಶಕ್ತಿ ಕಾಯಂ ಹೋಗಬಹುದು. ಹೀಗಾಗಿ ಡ್ರಿಪ್ ಹಾಕುವ ನರ್ಸ್ "ಡಾಕ್ಟ್ರೇ, ಥಯಾಮಿನ್ ಬರೆದಿದ್ದೀರಾ?" ಅಂತ ಕೇಳುವುದನ್ನು ರೂಢಿ ಮಾಡಿಸಿ.

ಪ್ರ: ಮಾತಾಡುವ ರೀತಿಯನ್ನು ಕಲಿಸಲು ಆಗುತ್ತಾ? ಅದು ಸ್ವಭಾವ ಅಲ್ವಾ?

ಕಲಿಸಬಹುದು, ಆದರೆ ಉಪನ್ಯಾಸದಿಂದ ಅಲ್ಲ, ಮಾಡಿಸಿಯೇ ಕಲಿಸಬೇಕು. ನಾವು ಎರಡು ಕುರ್ಚಿ ಎದುರುಬದುರು ಹಾಕುತ್ತೇವೆ. ಒಬ್ಬರು ನರ್ಸ್, ಒಬ್ಬರು ಆಟೊ ಓಡಿಸುವ ರೋಗಿ. ಮೊದಲ ಸುತ್ತಿನಲ್ಲಿ ಸಾಮಾನ್ಯವಾಗಿ ಹೀಗಾಗುತ್ತದೆ:

"ಮತ್ತೆ ಕುಡಿದ್ಯಾ? ಮಾತ್ರೆ ಸರಿಯಾಗಿ ತಗೋ ಅಂದಿದ್ದೆ ತಾನೇ? ಹೆಂಡ್ತಿ ಮಕ್ಕಳ ಮುಖ ನೋಡಿಯಾದ್ರೂ ಬಿಡಬಾರದಾ?"

"ಆಯ್ತು ಮೇಡಂ, ನಾಳೆಯಿಂದ ಮುಟ್ಟಲ್ಲ."

ಮಾತು ಮುಗಿಯಿತು. ನರ್ಸ್‌ಗೆ ಏನೂ ತಿಳಿಯಲಿಲ್ಲ. ಎರಡನೇ ಸುತ್ತು:

"ಬನ್ನಿ ಅಣ್ಣ, ಕೂತ್ಕೊಳ್ಳಿ. ಈ ವಾರ ಹೇಗಿತ್ತು?"

"ಏನ್ ಹೇಳ್ಲಿ ಮೇಡಂ, ಮೂರು ದಿನ ಹಾಕ್ಬಿಟ್ಟೆ."

"ಇನ್ನು ನಾಲ್ಕು ದಿನ ಹಾಕಿಲ್ಲ ಅಂದ ಹಾಗಾಯ್ತು. ಆ ನಾಲ್ಕು ದಿನ ಏನು ಬೇರೆ ಇತ್ತು?"

"ತಮ್ಮ ಬಂದಿದ್ದ ಮನೆಗೆ. ಒಬ್ನೇ ಇದ್ರೆ ರಾತ್ರಿ ಆ ಧ್ವನಿ ಜಾಸ್ತಿ ಆಗುತ್ತೆ. ಒಂದು ಕ್ವಾರ್ಟರ್ ಹಾಕಿದ್ರೆ ಸುಮ್ನಾಗುತ್ತೆ."

"ಬೆಳಿಗ್ಗೆ?"

"ಬೆಳಿಗ್ಗೆ ಇನ್ನೂ ಜೋರು."

ಇಲ್ಲಿ ಎರಡು ಕಾಯಿಲೆ ಒಂದಕ್ಕೊಂದು ಹೇಗೆ ಗಂಟುಬಿದ್ದಿವೆ ಅಂತ ರೋಗಿಯೇ ಹೇಳಿಬಿಟ್ಟರು. ಬಿಡಿ ಅಂತ ಯಾರೂ ಹೇಳಲಿಲ್ಲ. ಈ ರೀತಿಯ ಸಂಭಾಷಣೆಗೆ ಮೋಟಿವೇಷನಲ್ ಇಂಟರ್‌ವ್ಯೂಯಿಂಗ್ ಅಂತಾರೆ. 1983ರಲ್ಲಿ ವಿಲಿಯಂ ಮಿಲ್ಲರ್ ಇದನ್ನು ಕುಡಿತದ ಸಮಸ್ಯೆ ಇರುವವರಿಗಾಗಿಯೇ ರೂಪಿಸಿದ್ದು. ಅದರಲ್ಲಿ ನನಗೆ ಬಹಳ ಇಷ್ಟವಾದ ಪ್ರಶ್ನೆ ಒಂದಿದೆ. ಬಿಡಬೇಕು ಅಂತ ಎಷ್ಟು ಅನಿಸುತ್ತದೆ, ಹತ್ತಕ್ಕೆ ಎಷ್ಟು ಅಂತ ಕೇಳಿ. ನಾಲ್ಕು ಅಂದರೆ "ಯಾಕೆ ಬರೀ ನಾಲ್ಕು?" ಅನ್ನಬೇಡಿ. "ಒಂದು ಅನ್ನದೆ ನಾಲ್ಕು ಅಂದ್ರಲ್ಲ, ಯಾಕೆ?" ಅನ್ನಿ. ಬಿಡುವುದಕ್ಕೆ ಕಾರಣವನ್ನು ಅವರೇ ಹೇಳಲು ಶುರು ಮಾಡುತ್ತಾರೆ.

"ನೀವು" ಅನ್ನುವುದು ಕಡ್ಡಾಯ. ಡಾಕ್ಟರ್‌ಗೆ ನೀವು, ರೋಗಿಗೆ ನೀನು ಅನ್ನುವ ವಾರ್ಡ್‌ನಲ್ಲಿ ಉಳಿದ ಯಾವ ಪಾಠವೂ ನಿಲ್ಲಲ್ಲ.

ಪ್ರ: ಔಷಧದ ಬಗ್ಗೆ ಡಾಕ್ಟರಲ್ಲದವರಿಗೆ ಎಷ್ಟು ಕಲಿಸಬೇಕು?

ಯಾವಾಗ ವೈದ್ಯರಿಗೆ ಹೇಳಬೇಕು ಅಂತ ಗೊತ್ತಾಗುವಷ್ಟು. ಎರಡು ಉದಾಹರಣೆ. ಸ್ಕಿಜೋಫ್ರೇನಿಯಾಗೆ ಕೊಡುವ ಕ್ಲೋಜಪಿನ್ ಮಾತ್ರೆ ತೆಗೆದುಕೊಳ್ಳುವವರು ದಿನಕ್ಕೆ ಎರಡು ಕಟ್ಟು ಬೀಡಿ ಸೇದುತ್ತಿದ್ದರೆ, ಆ ಹೊಗೆಯಿಂದಾಗಿ ಲಿವರ್ ಔಷಧವನ್ನು ಬೇಗ ಕರಗಿಸುತ್ತಿರುತ್ತದೆ. ವಾರ್ಡ್‌ಗೆ ಸೇರಿಸಿ ಬೀಡಿ ನಿಲ್ಲಿಸಿದರೆ ರಕ್ತದಲ್ಲಿ ಅದೇ ಔಷಧದ ಮಟ್ಟ ಏರುತ್ತದೆ. ರೋಗಿ ತೂಕಡಿಸುತ್ತಾರೆ, ಜೊಲ್ಲು ಸುರಿಸುತ್ತಾರೆ, ಫಿಟ್ಸ್ ಕೂಡ ಬರಬಹುದು. ಬೀಡಿ ಬಿಟ್ಟಿದ್ದು ಒಳ್ಳೇದೇ, ಆದರೆ ವೈದ್ಯರಿಗೆ ಆ ದಿನವೇ ತಿಳಿಯಬೇಕು.

ಎರಡನೆಯದು, "ಕುಡಿದ ದಿನ ಮಾತ್ರೆ ತಗೋಬೇಡಿ" ಅನ್ನುವ ಸಲಹೆ. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ದಿನಾ ಕುಡಿಯುವವರು ಇದನ್ನು ಕೇಳಿ ಮಾತ್ರೆಯನ್ನೇ ನಿಲ್ಲಿಸುತ್ತಾರೆ. ಯಾವ ಮಾತ್ರೆ ತಪ್ಪಿಸಬಾರದು, ಯಾವುದು ಮದ್ಯದ ಜೊತೆ ಅಪಾಯ ಅನ್ನುವುದನ್ನು ಒಬ್ಬೊಬ್ಬ ರೋಗಿಗೂ ವೈದ್ಯರಿಂದ ಬರೆಸಿಕೊಳ್ಳಿ.

ಪ್ರ: ಮನೆಯವರು ಗುಟ್ಟಾಗಿ ಕಾಫಿಯಲ್ಲಿ ಕುಡಿತ ಬಿಡಿಸುವ ಪುಡಿ ಹಾಕುತ್ತಾರೆ. ಏನು ಹೇಳುವುದು?

ಪಾಪ, ಅವರಿಗೆ ಸಾಕಾಗಿ ಹೋಗಿರುತ್ತದೆ. ಬೈಯಬೇಡಿ. "ಅಮ್ಮ, ಕಾಫಿಯಲ್ಲೋ ಸಾರಲ್ಲೋ ಏನಾದ್ರೂ ಬೆರೆಸ್ತಿದ್ದೀರಾ? ಬಹಳ ಮನೆಗಳಲ್ಲಿ ಮಾಡ್ತಾರೆ, ಅದಕ್ಕೆ ಕೇಳ್ದೆ" ಅಂತ ಒಬ್ಬರೇ ಇದ್ದಾಗ ಕೇಳಿ. ಆ ಪುಡಿ ಡೈಸಲ್ಫಿರಾಂ ಆಗಿದ್ದರೆ, ಅದರ ಮೇಲೆ ಮದ್ಯ ಬಿದ್ದಾಗ ಮುಖ ಕೆಂಪಾಗಿ, ವಾಂತಿ, ಎದೆ ಡವಡವ, ಬಿಪಿ ಕುಸಿಯುವುದು ಆಗುತ್ತದೆ. ಹೃದಯದ ತೊಂದರೆ ಇದ್ದರೆ ಸಾವೂ ಆಗಬಹುದು. ಸೈಕೋಸಿಸ್, ಅಂದರೆ ಇಲ್ಲದ್ದು ಕೇಳಿಸುವ, ಇಲ್ಲದ್ದನ್ನು ನಂಬುವ ಸ್ಥಿತಿ, ಇರುವವರಲ್ಲಿ ಆ ಔಷಧ ಕಾಯಿಲೆಯನ್ನೇ ಕೆರಳಿಸಬಹುದು. ಊಟದಲ್ಲಿ ವಿಷ ಹಾಕುತ್ತಿದ್ದಾರೆ ಅಂತ ಮೊದಲೇ ಅನುಮಾನ ಇರುವ ರೋಗಿಗೆ ನಿಜವಾಗಿಯೂ ಏನೋ ಹಾಕುತ್ತಿದ್ದಾರೆ ಅಂತ ಗೊತ್ತಾದರೆ ಆಮೇಲೆ ಯಾವ ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ನುಂಗಲ್ಲ. ರೋಗಿಗೆ ಗೊತ್ತಿದ್ದು, ಒಪ್ಪಿಕೊಂಡು ತೆಗೆದುಕೊಳ್ಳುವ ಬೇರೆ ಔಷಧಗಳಿವೆ ಅಂತ ಹೇಳಿ.

ಪ್ರ: ಆತ್ಮಹತ್ಯೆ ಬಗ್ಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹಾಕಿದ ಹಾಗಾಗಲ್ವಾ?

ಇಲ್ಲ. ನೇರವಾಗಿ ಕೇಳುವುದರಿಂದ ಅಪಾಯ ಹೆಚ್ಚಾಗುವುದಿಲ್ಲ, ಬಹಳ ಜನಕ್ಕೆ ಹಗುರವಾಗುತ್ತದೆ. ಎರಡೂ ತೊಂದರೆ ಇರುವವರಲ್ಲಿ ಈ ಅಪಾಯ ಜಾಸ್ತಿ, ಅಮಲಿನಲ್ಲಿ ತಡೆಯುವ ಬುದ್ಧಿ ಸಡಿಲವಾಗುತ್ತದೆ. "ಕುಡಿದಾಗ ಎಲ್ಲರೂ ಹಂಗೇ ಅಂತಾರೆ" ಅಂತ ತಳ್ಳಿಹಾಕಬೇಡಿ. ಒಬ್ಬರನ್ನೇ ಬಿಡಬೇಡಿ. ಮನೆಯಲ್ಲಿರುವ ಕ್ರಿಮಿನಾಶಕ, ಉಳಿದ ಮಾತ್ರೆ ಬೀಗದೊಳಗೆ ಹೋಗಲಿ. ಅಮಲು ಇಳಿದ ಮೇಲೆ ಮತ್ತೆ ಕೇಳಿ. ಟೆಲಿ ಮನಸ್ ಸಹಾಯವಾಣಿ 14416, ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಪ್ರ: ಚಿಕಿತ್ಸೆ ಮಧ್ಯೆ ಕುಡಿದು ಬಂದರೆ ಕೇಂದ್ರದಿಂದ ಹೊರಗೆ ಹಾಕಬೇಕಾ?

ಕಾಯಿಲೆಯ ಲಕ್ಷಣ ಕಂಡಿತು ಅಂತ ರೋಗಿಯನ್ನು ಆಸ್ಪತ್ರೆಯಿಂದ ಓಡಿಸುವುದುಂಟೇ? ಅವತ್ತು ಗುಂಪು ಚರ್ಚೆಗೆ ಕೂರಿಸಬೇಡಿ, ಸುರಕ್ಷಿತವಾಗಿ ಮಲಗಿಸಿ, ಮರುದಿನ ಏನಾಯಿತು ಅಂತ ಮಾತಾಡಿ. ಬೇರೆಯವರಿಗೆ ಹೊಡೆಯುವುದು, ಒಳಗೆ ಮದ್ಯ ತಂದು ಹಂಚುವುದು ಬೇರೆ ವಿಷಯ. ಅದಕ್ಕೆ ನಿಯಮ ಇರಲಿ, ಮೊದಲ ದಿನವೇ ಹೇಳಿರಲಿ.

ಪ್ರ: ಕಾನೂನು ಏನು ಹೇಳುತ್ತದೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿದೆ. ಅಂದರೆ ಘನತೆ, ಗೋಪ್ಯತೆ, ಚಿಕಿತ್ಸೆಯ ಹಕ್ಕು ಎಲ್ಲವೂ ಇವರಿಗೂ ಇವೆ. ಸರಪಳಿ ಹಾಕುವುದನ್ನು ಪೂರ್ತಿ ನಿಷೇಧಿಸಲಾಗಿದೆ. ಮನೆಯವರು ದುಡ್ಡು ಕಟ್ಟಿದ್ದಾರೆ ಅಂತ ವ್ಯಾನ್‌ನಲ್ಲಿ ಎಳೆದು ತಂದು ಕೂಡಿಹಾಕುವುದು ಚಿಕಿತ್ಸೆ ಅಲ್ಲ. ಗಾಂಜಾದಂಥ ವಸ್ತು ಬಳಸಿದ, ಅಥವಾ ಸ್ವಲ್ಪ ಪ್ರಮಾಣ ಇಟ್ಟುಕೊಂಡ ಆರೋಪ ಇರುವ ವ್ಯಸನಿ ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, 1985ರ ಎನ್‌ಡಿಪಿಎಸ್ (ಮಾದಕ ವಸ್ತುಗಳ) ಕಾಯ್ದೆಯ 64ಎ ಸೆಕ್ಷನ್ ಅಡಿ ಆ ಕೇಸಿನಿಂದ ರಕ್ಷಣೆ ಇದೆ. ಪೊಲೀಸ್ ಭಯದಿಂದ ಬಾಯಿಬಿಡದವರಿಗೆ ಇದನ್ನು ತಿಳಿಸಿ.

ಪ್ರ: ಹೆಂಗಸರಿಗೆ ಬೇರೆ ರೀತಿ ಬೇಕಾ?

ಬೇಕು. ಅತ್ತೆಯ ಎದುರು, ಗಂಡನ ಎದುರು ಕೇಳಬೇಡಿ. ಕುಡಿತದ ಜೊತೆ ನಿದ್ದೆ ಮಾತ್ರೆ, ನೋವಿನ ಮಾತ್ರೆ, ಹೊಗೆಸೊಪ್ಪನ್ನೂ ವಿಚಾರಿಸಿ. ಮನೆಯಲ್ಲಿ ಹೊಡೆತ ಇದೆಯಾ ಅಂತ ಕೇಳದೆ ಖಿನ್ನತೆಗೆ ಮಾತ್ರೆ ಬರೆದು ಕಳಿಸಿದರೆ ಅರ್ಧ ಕೆಲಸವೂ ಆಗಿಲ್ಲ.

ಪ್ರ: ಕುಡಿತ ಬಿಟ್ಟವರನ್ನೇ ಸಿಬ್ಬಂದಿಯಾಗಿ ತೆಗೆದುಕೊಳ್ಳಬಹುದಾ?

ಖಂಡಿತ. ರೋಗಿಗಳು ಅವರ ಮಾತನ್ನು ನಮ್ಮ ಮಾತಿಗಿಂತ ಬೇಗ ನಂಬುತ್ತಾರೆ. ಆದರೆ ಅವರಿಗೂ ಪೂರ್ತಿ ತರಬೇತಿ ಬೇಕು. "ನಾನು ಒಂದು ಮಾತ್ರೆಯೂ ಇಲ್ಲದೆ ಬಿಟ್ಟೆ, ನೀನೂ ಬಿಡು" ಅಂತ ಬೈಪೋಲಾರ್ ಇರುವವರಿಗೆ ಹೇಳಿ, ಅವರು ಮೂಡ್ ಹಿಡಿತದಲ್ಲಿಡುವ ಲಿಥಿಯಂ ಮಾತ್ರೆ ನಿಲ್ಲಿಸಿದರೆ ಕಥೆ ಮುಗಿಯಿತು. ಸಂಬಳ ಸರಿಯಾಗಿ ಕೊಡಿ. ಸೇವೆ ಅಂತ ಬಿಟ್ಟಿ ದುಡಿಸಬೇಡಿ.

ಪ್ರ: ಜಿಲ್ಲೆಯಲ್ಲಿ ತಜ್ಞರೇ ಇಲ್ಲ. ಯಾರು ಕಲಿಸುತ್ತಾರೆ?

ತಜ್ಞರಿಲ್ಲದ ಕಡೆ ಇದನ್ನು ಮಾಡಿ ತೋರಿಸಿದ್ದು ನಮ್ಮ ರಾಜ್ಯವೇ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು ಶುರು ಮಾಡಿದ ಕೆಲಸವೇ ಆಮೇಲೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಈಗ ನಿಮ್ಹಾನ್ಸ್‌ನ ವರ್ಚುವಲ್ ನಾಲೆಡ್ಜ್ ನೆಟ್‌ವರ್ಕ್ ಮೂಲಕ ಆನ್‌ಲೈನ್‌ನಲ್ಲೇ ಕೇಸ್ ಚರ್ಚೆ ನಡೆಯುತ್ತದೆ. ವ್ಯಸನ ಚಿಕಿತ್ಸೆಗೆಂದೇ ಅಲ್ಲಿ ಪ್ರತ್ಯೇಕ ಕೇಂದ್ರ ಇದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರ. ನಿಮ್ಮ ಜಿಲ್ಲೆಯ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡಕ್ಕೆ ಮೊದಲು ಪತ್ರ ಬರೆಯಿರಿ, ಬರೆದು ಸುಮ್ಮನಾಗದೆ ಹೋಗಿ ಭೇಟಿಯಾಗಿ.

ಪ್ರ: ತರಬೇತಿ ಕೆಲಸ ಮಾಡಿದೆಯಾ ಅಂತ ಹೇಗೆ ನೋಡುವುದು?

ಕೊನೆಯಲ್ಲಿ ಕೊಡುವ "ತುಂಬಾ ಉಪಯುಕ್ತವಾಗಿತ್ತು" ಅನ್ನುವ ಫೀಡ್‌ಬ್ಯಾಕ್ ಫಾರಂ ನಂಬಬೇಡಿ. ಮೂರು ತಿಂಗಳು ಬಿಟ್ಟು ಹೋಗಿ, ಕೈಗೆ ಸಿಕ್ಕ ಹತ್ತು ಕೇಸ್ ಫೈಲ್ ತೆಗೆಯಿರಿ. ಕುಡಿತದ ಫೈಲ್‌ನಲ್ಲಿ ಮನಸ್ಸಿನ ಬಗ್ಗೆ, ಮನೋರೋಗದ ಫೈಲ್‌ನಲ್ಲಿ ಕುಡಿತದ ಬಗ್ಗೆ ಬರೆದಿದ್ದಾರಾ? "ಆಲ್ಕೋಹಾಲಿಕ್" ಅಂತ ಒಂದೇ ಪದ ಗೀಚಿದ್ದಾರಾ, ಇಲ್ಲ ಎಷ್ಟು, ಯಾವಾಗಿಂದ, ಕೊನೆಯ ಸಲ ಯಾವಾಗ ಅಂತ ಇದೆಯಾ? ಬೇರೆ ಕಡೆ ಕಳಿಸಿದವರಲ್ಲಿ ಎಷ್ಟು ಜನ ತಲುಪಿದರು ಅಂತ ಯಾರಾದರೂ ಫೋನ್ ಮಾಡಿದ ಗುರುತಿದೆಯಾ? ಆಮೇಲೆ ರಾತ್ರಿ ಪಾಳಿಯ ಆಯಾ ಹತ್ತಿರ ಹೋಗಿ, "ಅಕ್ಕ, ಬಿಟ್ಟು ಮೂರನೇ ದಿನ ಒಬ್ರು ಗೋಡೆ ಮೇಲೆ ಇರುವೆ ಕಾಣ್ತಿದೆ ಅಂದ್ರೆ ಏನ್ ಮಾಡ್ತೀರಿ?" ಅಂತ ಕೇಳಿ. ತಡವರಿಸದೆ ಉತ್ತರ ಬಂದರೆ ಮುಂದಿನ ಬ್ಯಾಚ್‌ನಲ್ಲಿ ಆ ಪಾಠ ಹೇಳಿಕೊಡಲು ಅವರನ್ನೇ ಕರೆಯಿರಿ.